ನಿಂತಲ್ಲಿಂದ ಜಿಗಿದ ಒಟ್ಟೋನ ಕೋಣೆ

ನನ್ನ ಜಾಗಕ್ಕೆ ಹೊಸದಾಗಿ ಸೇರಿದ ಮೇಘನಾ ಮೊನ್ನೆ ಫೋನ್ ಮಾಡಿದ್ದಳು. ಮೈಸೂರಿನ ಹುಡುಗಿ, ಗಂಡ ಇಲ್ಲಿ ಜರ್ಮನಿಯಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ. “ಆಂಟೀ, ಮ್ಯೂಸಿಯಮ್ಮಲ್ಲಿ ದಿನವಿಡೀ ಏನ್ ಮಾಡ್ಬೇಕು? ಸುಮ್ನೆ ನಿಂತ್ಕೊಂಡಿರೋದಾ?” ಎಂದು ಕೇಳಿದಳು. ಹೌದು ಎಂದರೆ ಸುಳ್ಳಾಗುತ್ತದೆ, ಅಲ್ಲ ಎಂದರೆ ಹುಡುಗಿ ಹೆದರಿ ಓಡುತ್ತಾಳೆ. ನಾಲ್ಕು ಪುಟ ಬರೆದು ಕಳಿಸುತ್ತೇನೆ ಮಾರಾಯ್ತಿ, ಓದಿ ನೋಡು ಎಂದೆ. ಆ ಪುಟಗಳೇ ಇವು.

ಮೊದಲು ಕಾಲಿನ ವಿಷಯ. ಈ ಕೆಲಸ ತಲೆಯದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡ, ಇದು ಪೂರ್ತಿ ಕಾಲಿನ ಕೆಲಸ. ಕಾವಲಿನವರು ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಕಿಟಕಿಯ ಕೆಳಗಿನ ಹೀಟರಿಗೆ ಬೆನ್ನು ಕೊಟ್ಟು ನಿಂತರೆ ಚಳಿಗಾಲ ಹೇಗೋ ಕಳೆಯುತ್ತದೆ. ಜನ ಬಂದು ಅತಿ ಹೆಚ್ಚು ಕೇಳುವ ಪ್ರಶ್ನೆ ಟಾಯ್ಲೆಟ್ ಎಲ್ಲಿ ಎಂಬುದು. ಎರಡನೆಯದು, ಇದು ಅಸಲಿಯಾ ಎಂಬುದು. ಟಾಯ್ಲೆಟ್ ಮಾತ್ರ ಖಂಡಿತ ಅಸಲಿ ಎಂದು ಒಬ್ಬರಿಗೆ ಹೇಳಿ ಬೈಸಿಕೊಂಡಿದ್ದೇನೆ, ನೀನು ಹೇಳಬೇಡ.

ನಮ್ಮ ಮ್ಯೂಸಿಯಂ ಇರುವುದು ಮ್ಯಾನ್‌ಹೈಮ್‌ನಿಂದ ಟ್ರಾಮಿನಲ್ಲಿ ಹೋಗಿ ಬರಬಹುದಾದ ಒಂದು ಸಣ್ಣ ಊರಿನಲ್ಲಿ. ನಮ್ಮವರು ಮ್ಯಾನ್‌ಹೈಮಿನ ಯಂತ್ರದ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿ ಬಂದದ್ದು, ನಾನು ಉಡುಪಿಯಿಂದ ಅವರ ಹಿಂದೆ ಬಂದದ್ದು. ಮಗಳು ದೀಪ್ತಿ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಮ್ಯೂಸಿಯಮ್ಮಿನಲ್ಲಿ ನಿಂತು ಗೋಡೆ ನೋಡುವುದು ವಾಸಿ ಎನಿಸಿತು. ಕೆಳಗಿನ ಮಹಡಿಯಲ್ಲಿ ರೋಮನರ ಕಾಲದ ಮಡಕೆ ಚೂರುಗಳು, ನಡುವಿನ ಮಹಡಿಯಲ್ಲಿ ಹಳೆಯ ಬೇಸಾಯದ ಸಾಮಾನು. ಎಲ್ಲಕ್ಕಿಂತ ಮೇಲೆ, ಮರದ ಮೆಟ್ಟಿಲು ಹತ್ತಿ ಹೋದರೆ, ಒಟ್ಟೋ ಬ್ರೆಂಕ್‌ನ ಕೋಣೆ. ಆ ಊರಿಗೆ ಇದ್ದ ಒಬ್ಬನೇ ಒಬ್ಬ ಒಲಿಂಪಿಕ್ಸ್ ವೀರ ಅವನು. ಫೋಟೋದಲ್ಲಿ ನನ್ನ ತಮ್ಮನ ಪ್ರಾಯದವನ ಹಾಗೆ ಕಾಣುತ್ತಾನಾದ್ದರಿಂದ ನನಗೆ ಏಕವಚನವೇ ಬಾಯಿಗೆ ಬರುತ್ತದೆ.

ಮೊದಲ ಮಹಾಯುದ್ಧಕ್ಕೂ ಮುಂಚೆ ಒಲಿಂಪಿಕ್ಸಿನಲ್ಲಿ ನಿಂತಲ್ಲಿಂದ ಉದ್ದ ಜಿಗಿಯುವ ಸ್ಪರ್ಧೆ ಇತ್ತು. ಓಡಿ ಬಂದು ಹಾರುವುದಲ್ಲ. ಗೆರೆಯ ಹಿಂದೆ ಎರಡೂ ಪಾದ ಊರಿ ನಿಲ್ಲಬೇಕು, ಕೈ ಬೀಸಬೇಕು, ಹಾರಬೇಕು, ಅಷ್ಟೆ. ಆಮೇಲೆ ಆ ಸ್ಪರ್ಧೆಯನ್ನೇ ತೆಗೆದುಬಿಟ್ಟರು. ಒಟ್ಟೋ ದ್ರಾಕ್ಷಾರಸದ ಪೀಪಾಯಿ ಮಾಡುವವನು. ಫೋಟೋದಲ್ಲಿ ದಪ್ಪ ಮೀಸೆ, ಮಂಡಿಯವರೆಗಿನ ಉಣ್ಣೆಯ ಚಡ್ಡಿ, ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದಾನೆ. ಕೆಳಗೆ ಹಿತ್ತಾಳೆಯ ಫಲಕ: ಒಲಿಂಪಿಕ್ಸಿನಲ್ಲಿ ಮೂರನೆಯ ಸ್ಥಾನ. ಊರಿನಲ್ಲಿ ಅವನ ಹೆಸರಿನ ಬೀದಿ ಉಂಟು, ಶಾಲೆಯ ಆಟದ ಹಾಲ್ ಉಂಟು, ಬಸ್ ಸ್ಟಾಪ್ ಕೂಡ ಉಂಟು. ಪದಕ ಎಲ್ಲಿ ಎಂದು ಕೇಳಿದವರಿಗೆ ನಮ್ಮ ಮೇಲಧಿಕಾರಿ ಹೆರ್ ಕುನ್ಸ್ (ಹೆರ್ ಅಂದರೆ ನಮ್ಮ ಶ್ರೀಯುತರ ಹಾಗೆ) ಯುದ್ಧದಲ್ಲಿ ಹೋಯಿತು ಎನ್ನುತ್ತಿದ್ದರು. ಈ ದೇಶದಲ್ಲಿ ಕಾಣೆಯಾದ ಯಾವ ಸಾಮಾನಿಗೂ ಆ ಉತ್ತರ ಸಾಕು, ಯಾರೂ ಮುಂದೆ ಕೇಳುವುದಿಲ್ಲ.

ಹೆರ್ ಕುನ್ಸ್ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ನನ್ನ ಇಂಟರ್‌ವ್ಯೂನಲ್ಲಿ ಎರಡೇ ಪ್ರಶ್ನೆ ಕೇಳಿದರು. ನಿಲ್ಲಲು ಬರುತ್ತದಾ, ಜಿಗಿಯಲು ಬರುತ್ತದಾ? ನಾನು ತಮಾಷೆ ಎಂದುಕೊಂಡು ಎರಡಕ್ಕೂ ಹೌದೆಂದೆ. ಆ ಮನುಷ್ಯ ಜನ್ಮದಲ್ಲಿ ತಮಾಷೆ ಮಾಡಿದವರಲ್ಲ ಎಂದು ಗೊತ್ತಾಗುವಾಗ ನನ್ನ ಸಹಿ ಬಿದ್ದಾಗಿತ್ತು. ಒಟ್ಟೋನ ಕೋಣೆಯ ನೆಲದಲ್ಲಿ ಒಂದು ಬಿಳಿ ಗೆರೆ, ಮೂರು ಮೀಟರ್ ಚಿಲ್ಲರೆ ದೂರದಲ್ಲಿ ಒಂದು ಹಿತ್ತಾಳೆ ಪಟ್ಟಿ. ಶಾಲೆಯ ಮಕ್ಕಳು ಬಂದಾಗೆಲ್ಲ ಗೆರೆಯ ಹಿಂದೆ ನಿಂತು ಜಿಗಿದು ತೋರಿಸಬೇಕಾದ್ದು ಕಾವಲಿನವರ ಕೆಲಸ. ನಾವು ಅರ್ಧಕ್ಕೆ ಬೀಳುತ್ತೇವೆ, ಒಟ್ಟೋ ಪಟ್ಟಿ ದಾಟುತ್ತಿದ್ದ, ಆಗ ಮಕ್ಕಳಿಗೆ ಒಟ್ಟೋನ ಮಹತ್ವ ತಿಳಿಯುತ್ತದೆ ಎಂಬುದು ಹೆರ್ ಕುನ್ಸ್ ಅವರ ಶಿಕ್ಷಣ ಪದ್ಧತಿ. ಹೀಗೆ ನಾನು ಸಂಬಳ ತೆಗೆದುಕೊಂಡು ಬೀಳುವ ಹೆಂಗಸಾದೆ.

ಮನೆಯಲ್ಲಿ ಹೇಳಿದಾಗ ನಮ್ಮವರು ಊಟ ಬಿಟ್ಟು ನಕ್ಕರು. “ಎಂತ ಕೆಲಸ ಮಾರಾಯ್ತಿ ನಿನ್ನದು? ಊರಿಗೆ ಫೋನ್ ಮಾಡಿದ್ರೆ ಎಂತ ಹೇಳುದು ನಾನು? ಜಲಜಾಕ್ಷಿ ಜಿಗೀಲಿಕ್ಕೆ ಹೋಗಿದ್ದಾಳೆ ಅಂತ್ಲಾ?” ಎಂದು ಕೇಳಿದರು. ದೀಪ್ತಿಯ ತರಗತಿ ಬಂದ ದಿನ ಇನ್ನೂ ಚೆಂದ. ಅವಳು ಗೆಳತಿಯರ ಬೆನ್ನ ಹಿಂದೆ ಅಡಗಿ, ಅಮ್ಮಾ ದಮ್ಮಯ್ಯ ಬೇಡ ಎಂದು ಜರ್ಮನಿನಲ್ಲಿ ಕಣ್ಸನ್ನೆ ಮಾಡುತ್ತಿದ್ದಳು. ಕೆಲಸ ಅಂದರೆ ಕೆಲಸ, ನಾನು ಜಿಗಿದೆ, ಬಿದ್ದೆ, ಎದ್ದು ಸಮವಸ್ತ್ರ ಕೊಡವಿಕೊಂಡೆ. ಅವಳು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಬೇರೆ ಭಾನಗಡಿಗಳೂ ಆದವು. ಒಟ್ಟೋನ ಕೋಣೆಗೆ ಹೋಗುವಾಗ ನಾನು ಚಪ್ಪಲಿ ಹೊರಗೆ ಬಿಡುತ್ತಿದ್ದೆ. ಯಾರೂ ಹೇಳಿದ್ದಲ್ಲ. ಸತ್ತು ಹೋದ ಹಿರಿಯನ ದೊಡ್ಡ ಫೋಟೋ, ಅದಕ್ಕೆ ಚೌಕಟ್ಟು, ಮೇಲೊಂದು ದೀಪ. ಇಷ್ಟೆಲ್ಲ ಇರುವ ಕಡೆ ಕಾಲು ತಾನಾಗಿ ಚಪ್ಪಲಿ ಕಳಚುತ್ತದೆ. ಕಾವಲಿನವಳೇ ಬಿಟ್ಟಿದ್ದಾಳೆ ಎಂದು ಒಬ್ಬ ಅಜ್ಜ ತಮ್ಮ ಬೂಟು ಬಿಟ್ಟರು. ಅವರ ಹಿಂದಿನವರು ಅವರನ್ನು ನೋಡಿ ಬಿಟ್ಟರು. ಜರ್ಮನರು ನಿಯಮ ಎಲ್ಲಿ ಬರೆದಿದೆ ಎಂದು ಹುಡುಕುವುದಿಲ್ಲ, ಸಾಲು ಕಂಡರೆ ಸೇರಿಕೊಳ್ಳುತ್ತಾರೆ. ಬೇಸಿಗೆಯ ಒಂದು ಭಾನುವಾರ ಹೆರ್ ಕುನ್ಸ್ ಮೆಟ್ಟಿಲು ಹತ್ತಿ ಬರುವಾಗ ಬಾಗಿಲಿನ ಹೊರಗೆ ಬೂಟುಗಳ ಉದ್ದ ಸಾಲು, ಒಳಗೆ ಊರ ಗಣ್ಯರು ಕಾಲುಚೀಲದಲ್ಲಿ ನಿಂತಿದ್ದಾರೆ, ಒಬ್ಬರ ಹೆಬ್ಬೆರಳು ಹೊರಗೆ ಬಂದಿದೆ. ನನಗೆ ಬೈಗುಳ ಖಾತ್ರಿ ಎಂದುಕೊಂಡೆ. ಅವರು ಬಗ್ಗಿ ನೆಲ ನೋಡಿದರು, ಬೆರಳಿನಲ್ಲಿ ಉಜ್ಜಿದರು, ಮರದ ನೆಲಕ್ಕೆ ಇದು ಒಳ್ಳೆಯದು ಎಂದರು. ಅಂದಿನಿಂದ ಅದೇ ನಿಯಮವಾಯಿತು. ವಾಸನೆಯ ಬಗ್ಗೆ ಮಾತ್ರ ಯಾರೂ ಮಾತಾಡಲಿಲ್ಲ, ಅಲ್ಲಿ ನಿಂತಿದ್ದವಳು ನಾನು.

ಇನ್ನು ನಾನು ಬರೆಯಲೇಬೇಕೆಂದು ಕೂತ ವಿಷಯಕ್ಕೆ ಬರುತ್ತೇನೆ. ಆಟಿ ತಿಂಗಳಿನಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಹಿರಿಯರಿಗೆ ಬಡಿಸುವ ಕ್ರಮ ನಮ್ಮ ಮನೆಯಲ್ಲಿ ಉಂಟು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆಯಲ್ಲಿ ಬಡಿಸುವುದು, ಬಾಗಿಲು ಹಾಕಿ ಎಲ್ಲರೂ ಹೊರಗೆ ಬರುವುದು, ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆಯುವುದು. ಒಂದು ವರ್ಷ ಮನೆಯಲ್ಲಿ ಅತ್ತೆ ಮಾವಂದಿರಿಗೆ ಬಡಿಸುವಾಗ ನನಗೆ ಒಟ್ಟೋನ ನೆನಪಾಯಿತು. ದಿನವಿಡೀ ಅವನ ಮುಖ ನೋಡಿಕೊಂಡು ನಿಲ್ಲುವವಳು ನಾನು. ಅವನಿಗೆ ಬೀದಿ ಕೊಟ್ಟಿದ್ದಾರೆ, ಬಸ್ ಸ್ಟಾಪ್ ಕೊಟ್ಟಿದ್ದಾರೆ, ಒಂದು ತುತ್ತು ಕೊಟ್ಟವರಿಲ್ಲ. ಛೆ, ಪಾಪ ಕಂಡಿತು. ಏಷ್ಯನ್ ಅಂಗಡಿಯ ಫ್ರೀಜರಿನ ಬಾಳೆಲೆ ಇನ್ನೊಂದು ಉಳಿದಿತ್ತು. ಮಾರನೆಯ ದಿನ ಡಬ್ಬಿಯಲ್ಲಿ ಅನ್ನ, ಕೆಸುವಿನೆಲೆಯ ಪತ್ರೊಡೆ, ಬೀನ್ಸಿನ ಉಪ್ಪುಕರಿ ಪಲ್ಯ ತೆಗೆದುಕೊಂಡು ಹೋದೆ. ಜರ್ಮನ್ ಗಂಡಸಲ್ಲವಾ ಎಂದು ಒಂದು ಸಾಸೇಜು, ಒಂದು ಬಾಟ್ಲಿ ಬಿಯರು ಕೂಡ ಸೇರಿಸಿದೆ. ಮಧ್ಯಾಹ್ನ ಜನ ಇಲ್ಲದ ಹೊತ್ತಿನಲ್ಲಿ ಫೋಟೋದ ಎದುರು ಬಡಿಸಿ, ಬಾಗಿಲೆಳೆದುಕೊಂಡು ಮೆಟ್ಟಿಲ ಹತ್ತಿರ ನಿಂತೆ.

ನನ್ನ ಗ್ರಹಚಾರ, ಅದೇ ಹೊತ್ತಿಗೆ ಹೆರ್ ಕುನ್ಸ್ ಫ್ರಾಂಕ್‌ಫರ್ಟಿನಿಂದ ಬಂದ ಇಬ್ಬರು ಅತಿಥಿಗಳನ್ನು ಕರೆದುಕೊಂಡು ಹತ್ತಿ ಬಂದರು. ನಾನು ಈಗ ತೆರೆಯಬಾರದು ಎನ್ನುವಷ್ಟರಲ್ಲಿ ತೆರೆದೇ ಬಿಟ್ಟರು. ಅತಿಥಿಗಳು ಎಲೆಯ ಸುತ್ತ ಎರಡು ಸುತ್ತು ಬಂದರು, ಕನ್ನಡಕ ಏರಿಸಿದರು, ಇದು ಯಾವ ಕಲಾವಿದರ ಕೃತಿ, ಬಹಳ ದಿಟ್ಟವಾಗಿದೆ ಎಂದು ಕೇಳಿದರು. ಹೆರ್ ಕುನ್ಸ್ ನನ್ನನ್ನು ನೋಡಿದರು. ಅವರು ಆ ದಿನ ಆಡಿದ್ದು ಒಂದೇ ಮಾತು: ಇಲಿ. ಮ್ಯೂಸಿಯಮ್ಮಿನಲ್ಲಿ ಅನ್ನ ಇಟ್ಟರೆ ಇಲಿ ಬರುತ್ತದೆ. ಅದು ಸರಿಯಾದ ಮಾತೇ, ನಾನು ಎಲೆ ಎತ್ತಲು ಬಗ್ಗಿದೆ. ಆಗ ಹಿಂದಿನಿಂದ ಒಂದು ಮುದುಕಿಯ ದನಿ, ಅದು ಯಾರಿಗೆ ಇಟ್ಟದ್ದು ಎಂದು ಕೇಳಿತು.

ಅವರು ಫ್ರಾವ್ ಬ್ರೆಂಕ್, ಒಟ್ಟೋನ ಕೊನೆಯ ಮಗಳು. ಮದುವೆಯಾಗದೆ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಆಗಾಗ ಬಂದು, ಎಲ್ಲರ ಹಾಗೆ ಟಿಕೆಟು ತೆಗೆದುಕೊಂಡು, ಅಪ್ಪನ ಫೋಟೋದ ಎದುರು ಮುಖ ಗಂಟಿಕ್ಕಿ ನಿಂತು ಹೋಗುತ್ತಿದ್ದರು. ಅವರ ಹೆಸರು ಲೀಸೆಲ್, ನಾನು ಮನಸ್ಸಿನೊಳಗೆ ಲೀಸೆಲಮ್ಮ ಎನ್ನುತ್ತಿದ್ದೆ. ಅವರಾಡಿದ್ದು ಜರ್ಮನ್ ಆದರೂ ನನಗೆ ನೆನಪಿರುವುದು ನಮ್ಮ ಭಾಷೆಯಲ್ಲೇ, ಹಾಗೆಯೇ ಬರೆಯುತ್ತೇನೆ. ನಿಮ್ಮ ತಂದೆಗೇ ಬಡಿಸಿದ್ದು ಎಂದೆ. ನಮ್ಮಲ್ಲಿ ಸತ್ತವರಿಗೆ ಅವರ ಇಷ್ಟದ್ದನ್ನು ಬಡಿಸುತ್ತೇವೆ, ನಾವು ಅಂದಾಜಿನಲ್ಲಿ ಇಡುವುದಲ್ಲ, ಅವರಿಗೆ ಏನು ಇಷ್ಟವಿತ್ತೋ ಅದನ್ನೇ ಇಡಬೇಕು, ನಿಮ್ಮ ತಂದೆಯದ್ದು ಮಾತ್ರ ಗೊತ್ತಿರಲಿಲ್ಲ ಎಂದು ವಿವರಿಸಿದೆ. ಲೀಸೆಲಮ್ಮ ಎಲೆಯನ್ನು ಒಮ್ಮೆ ಪರೀಕ್ಷಿಸಿದರು.

“ಅಪ್ಪನಿಗೆ ಬಿಯರ್ ಆಗ್ತಿರಲಿಲ್ಲ. ಸಾಸೇಜ್ ಕಂಡ್ರೆ ಮುಖ ತಿರುಗಿಸ್ತಿದ್ದ. ಅವನಿಗೆ ಇಷ್ಟ ಇದ್ದದ್ದು ಡಾಂಪ್ಫ್‌ನೂಡೆಲ್.”

ಅದು ಈ ಕಡೆಯವರು ಹಬೆಯಲ್ಲಿ ಬೇಯಿಸುವ ಒಂದು ಉಬ್ಬಿದ ಕಡುಬು, ತಳ ಮಾತ್ರ ಉಪ್ಪುಪ್ಪಾಗಿ ಗರಿಗರಿ. ಸರಿ, ಬರುವ ವರ್ಷ ಅದನ್ನೇ ಮಾಡುತ್ತೇನೆ ಎಂದೆ. ಆಗ ಲೀಸೆಲಮ್ಮ ಬೆರಳೆತ್ತಿ ಹಿತ್ತಾಳೆ ಫಲಕ ತೋರಿಸಿದರು.

“ಇಷ್ಟ ಇಲ್ಲದ್ದು ಬಡಿಸಬಾರದು ಅಂತಾದ್ರೆ ಮೊದಲು ಅದನ್ನು ತೆಗೀರಿ. ಆ ಮೂರನೇ ಸ್ಥಾನ ಅಪ್ಪನಿಗೆ ಇಷ್ಟ ಇರಲಿಲ್ಲ. ಅದು ಅವನದ್ದೂ ಅಲ್ಲ.”

ಆಮೇಲೆ, ಅತಿಥಿಗಳು ಹೋದ ಮೇಲೆ, ಹೀಟರಿನ ಹತ್ತಿರ ನಿಂತು ಲೀಸೆಲಮ್ಮ ನಡೆದದ್ದನ್ನೆಲ್ಲ ಹೇಳಿದರು. ನಿಂತಲ್ಲಿಂದ ಜಿಗಿಯುವಾಗ ಹಾರುವ ಮೊದಲು ಪಾದ ನೆಲ ಬಿಡಬಾರದು. ಒಟ್ಟೋನಿಗೆ ಒಂದು ಅಭ್ಯಾಸ, ಹಾರುವ ಮುಂಚೆ ಇಷ್ಟೇ ಇಷ್ಟು ಕುಪ್ಪಳಿಸುವುದು. ಊರಿನ ಸ್ಪರ್ಧೆಗಳಲ್ಲಿ ಯಾರೂ ಅದನ್ನು ಕೇಳುತ್ತಿರಲಿಲ್ಲ. ಒಲಿಂಪಿಕ್ಸಿನಲ್ಲಿ ಅವನು ಕುಪ್ಪಳಿಸಿ ಹಾರಿದ ಕೂಡಲೇ ಪಂಚರು ಕೆಂಪು ಬಾವುಟ ಎತ್ತಿದರು. ಬಾವುಟದ ಲೆಕ್ಕ ಒಟ್ಟೋನಿಗೆ ಗೊತ್ತಿಲ್ಲ. ಪರದೇಶದವರು ಮೆಚ್ಚಿ ಬಾವುಟ ಬೀಸುತ್ತಿದ್ದಾರೆ ಎಂದುಕೊಂಡು ಸೊಂಟ ಬಗ್ಗಿಸಿ ವಂದಿಸಿದ. ಎರಡನೆಯ ಸಲ ಮತ್ತೆ ಕುಪ್ಪಳಿಸಿದ, ಮತ್ತೆ ಬಾವುಟ, ಇನ್ನೂ ಆಳವಾಗಿ ವಂದಿಸಿದ. ಮೂರನೆಯ ಸಲ ಪಂಚರು ಎರಡು ಕೈಯಲ್ಲಿ ಬಾವುಟ ಬೀಸಿದರಂತೆ. ಒಟ್ಟೋ ಜನ್ಮ ಸಾರ್ಥಕವಾಯಿತೆಂದು ಪಂಚರ ಕೈ ಕುಲುಕಿ ಬಂದ. ಮೂರಕ್ಕೆ ಮೂರೂ ಫೌಲ್, ಒಂದು ಜಿಗಿತವೂ ಲೆಕ್ಕಕ್ಕಿಲ್ಲ.

ಜೊತೆಗೆ ಹೋಗಿದ್ದವನು ಊರಿನ ಕ್ರೀಡಾ ಸಂಘದ ಅಧ್ಯಕ್ಷ, ಒಬ್ಬ ಕಟುಕ. ಬರಿಗೈಯಲ್ಲಿ ಊರಿಗೆ ಹೋಗುವುದು ಹೇಗೆ ಎಂದು ಅವನಿಗೆ ಚಿಂತೆ. ರೈಲಿನಿಂದ ಮೊದಲು ಇಳಿದು, ಕಾಯುತ್ತಿದ್ದ ಜನಕ್ಕೆ ನಮ್ಮ ಹುಡುಗ ಮೂರನೆಯವ ಎಂದು ಕೂಗಿಬಿಟ್ಟ. ಒಟ್ಟೋ ಪೆಟ್ಟಿಗೆ ಹಿಡಿದು ಇಳಿಯುವಾಗ ಬ್ಯಾಂಡು ಶುರುವಾಗಿತ್ತು. ಅವನು ಆ ಪ್ಲಾಟ್‌ಫಾರ್ಮಿನಲ್ಲೇ ನಿಜ ಹೇಳಿದ. ಜನ ಎಂಥ ವಿನಯ ಎಂದು ಚಪ್ಪಾಳೆ ತಟ್ಟಿದರು. ಅಂಗಡಿಯಲ್ಲಿ ಹೇಳಿದ, ಚರ್ಚಿನ ಮೆಟ್ಟಿಲಲ್ಲಿ ಹೇಳಿದ, ಎಷ್ಟು ಹೇಳಿದರೆ ಅಷ್ಟು ವಿನಯವಂತನಾದ. ಕೊನೆಗೆ ಸಾಕಾಗಿ ಹೊರಗೆ ಹೇಳುವುದನ್ನು ಬಿಟ್ಟ. ಮನೆಯಲ್ಲಿ ಮಾತ್ರ ಭಾನುವಾರ ಊಟವಾದ ಮೇಲೆ ಪೂರ್ತಿ ಅಭಿನಯ ಮಾಡಿ ತೋರಿಸುತ್ತಿದ್ದ. ಮಕ್ಕಳು ನಕ್ಕು ನಕ್ಕು ನೆಲದಲ್ಲಿ ಹೊರಳುತ್ತಿದ್ದರು.

“ಈ ಗೋಡೆ ಮೇಲಿರೋ ಮೂರನೆಯವ ಯಾರೋ ನನಗೆ ಗೊತ್ತಿಲ್ಲ. ನಾನು ಸಾಯೋ ಮೊದಲು ಒಮ್ಮೆ ಈ ಕೋಣೆಯಲ್ಲಿ ನನ್ನ ಅಪ್ಪನನ್ನು ನೋಡಬೇಕು,” ಎಂದರು ಲೀಸೆಲಮ್ಮ. ಆಮೇಲೆ ನನ್ನ ಕಡೆ ತಿರುಗಿ, ನೀವೂ ಹಾರುವ ಮೊದಲು ಕುಪ್ಪಳಿಸುತ್ತೀರಿ, ಅದು ತಪ್ಪು, ಆದರೆ ದಯವಿಟ್ಟು ತಿದ್ದಿಕೊಳ್ಳಬೇಡಿ ಎಂದರು. ಚಿಕ್ಕಂದಿನಲ್ಲಿ ಕುಂಟಾಬಿಲ್ಲೆ ಆಡಿದ ಕಾಲು ನನ್ನದು, ತಿದ್ದಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಬರುವ ಆಟಿಯಿಂದ ಅವರು ಡಾಂಪ್ಫ್‌ನೂಡೆಲ್ ಮಾಡುವುದು, ನಾನು ಎಲೆ ತರುವುದು, ಇಬ್ಬರೂ ಅವರ ಮನೆಯ ಅಡಿಗೆ ಕೋಣೆಯಲ್ಲಿ ಬಡಿಸುವುದು ಎಂದಾಯಿತು. ಅಲ್ಲಿ ಇಲಿಯ ತಕರಾರಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಪಾಡು. ನಾನು ಹೆರ್ ಕುನ್ಸ್ ಹತ್ತಿರ ಹೇಳಿದೆ. ಅವರು ಕೈ ಕಟ್ಟಿ ಪೂರ್ತಿ ಕೇಳಿ, ಬ್ರೆಂಕ್ ಮನೆತನದವರ ವಿನಯ ಊರಿಗೇ ಗೊತ್ತಿದೆ ಎಂದರು. ಬಂದ ಜನರಿಗೆ ನಾನೇ ನಿಜ ಹೇಳಿ ನೋಡಿದೆ. ಭಾರತದವರು ಸೋಲನ್ನು ಎಷ್ಟು ತತ್ತ್ವಜ್ಞಾನದಿಂದ ನೋಡುತ್ತಾರೆ ಎಂದು ಒಬ್ಬಾಕೆ ನನ್ನ ಕೈ ಹಿಡಿದುಕೊಂಡು, ಯೋಗ ಎಲ್ಲಿ ಕಲಿಸುತ್ತೀರಿ ಎಂದು ಕೇಳಿದಳು. ಲೀಸೆಲಮ್ಮ ನಗರಸಭೆಗೇ ಹೋಗಿ ಹೇಳಿ ಬಂದರು. ಅವರಿಗೆ ಒಂದು ಹೂಗುಚ್ಛ ಕೊಟ್ಟು ಕಳಿಸಿದರು. ಸಿಟ್ಟಿನಿಂದ ಉರಿಯುತ್ತಾ ಬಂದು ಹೂವನ್ನು ನನ್ನ ಕೈಗೆ ತುರುಕಿದರು.  ನಮ್ಮ ಕಡೆ ಇಲ್ಲದ ದೊಡ್ಡಸ್ತಿಕೆ ಹೇಳಿಕೊಂಡು ನಂಬಿಸಲು ಒದ್ದಾಡುವವರನ್ನು ಕಂಡಿದ್ದೆ, ಕೊಟ್ಟ ಗೌರವ ತಮ್ಮದಲ್ಲ ಎಂದು ನಂಬಿಸಲಾಗದೆ ಕುದಿಯುವ ಮುದುಕಿಯನ್ನು ಕಂಡದ್ದು ಅದೇ ಮೊದಲು.

ಹೆರ್ ಕುನ್ಸ್ ತೀರಿಕೊಂಡ ಮೇಲೆ ಅವರ ಜಾಗಕ್ಕೆ ಹೈಕೆ ಬಂದರು. ಡಾಕ್ಟರೇಟು ಮಾಡಿದ ಚುರುಕು ಹುಡುಗಿ, ಮೊದಲ ದಿನವೇ ನನ್ನನ್ನು ಹೈಕೆ ಎಂದೇ ಕರೆಯಿರಿ ಎಂದರು. ಪದ್ಧತಿ ಎಲ್ಲ ಬದಲಾಯಿತು. ಕಿವಿಗೆ ಹಾಕಿ ಕೇಳುವ ಯಂತ್ರ ಬಂತು, ಜನ ನನ್ನ ಎದುರೇ ನಿಂತು ಟಾಯ್ಲೆಟ್ ಎಲ್ಲಿ ಎಂದು ಯಂತ್ರದಲ್ಲಿ ಹುಡುಕಲು ಶುರು ಮಾಡಿದರು. ಹೈಕೆ ನನ್ನ ಮಾತು ಕೇಳಿ ನಗಾಡಲಿಲ್ಲ, ಹುಡುಕಿ ನೋಡಿದರು. ಒಲಿಂಪಿಕ್ಸಿನ ಹಳೆಯ ಫಲಿತಾಂಶದ ಹರಿದ ಹಾಳೆಯೊಂದರಲ್ಲಿ ಒಟ್ಟೋನ ಹೆಸರಿನ ಮುಂದೆ, ಅಂಕಿ ಇರಬೇಕಾದಲ್ಲಿ, ಒಂದು ಅಡ್ಡಗೆರೆ ಮಾತ್ರ ಇತ್ತು. ಮೇಯರ್‌ಗೆ ತೋರಿಸಿದರೆ, ಗೆರೆಗೆ ಅರ್ಥ ಏನು ಬೇಕಾದರೂ ಇರಬಹುದು, ಆಟದ ಹಾಲಿನ ಹೆಸರು ಬದಲಿಸಲು ಒಂದು ಗೆರೆ ಸಾಲದು ಎಂದರಂತೆ. ಕೋಣೆಗೆ ಹೊಸ ರೂಪ ಕೊಡುವ ಹಣವೂ ಮೇಯರ್ ಕೈಯಲ್ಲೇ ಇತ್ತು, ಹೈಕೆ ಸುಮ್ಮನಾದರು. ಹೊಸ ಕೋಣೆಗೆ ಗಾಜಿನ ದೊಡ್ಡ ಫಲಕ ಮಾಡಿಸಲಾಯಿತು, ಮೂರನೆಯ ಸ್ಥಾನ ಈ ಸಲ ಆಳೆತ್ತರದ ಅಕ್ಷರದಲ್ಲಿ. ಒಮ್ಮೆ ಗೋಡೆಗೆ ಕೂರಿಸಿದರೆ ಮುಗಿಯಿತು, ಇನ್ನೊಂದು ತಲೆಮಾರು ಯಾರೂ ಮುಟ್ಟುವುದಿಲ್ಲ. ಲೀಸೆಲಮ್ಮ ಆ ವೇಳೆಗೆ ಗಾಲಿ ಕುರ್ಚಿಯಲ್ಲಿದ್ದರು. ಇನ್ನು ಆಗಲಿಕ್ಕಿಲ್ಲ ಬಿಡಿ ಎಂದು ನನಗೆ ಹೇಳಿದರು. 

ಬಿಳಿ ಗೆರೆ ಇದ್ದಲ್ಲಿ ಈಗ ಒಂದು ಕಪ್ಪು ಚಾಪೆ. ಯೇನಾ ಎಂಬ ಊರಿನಿಂದ ಬಂದ ತಂತ್ರಜ್ಞರು ಅದರೊಳಗೆ ಏನೋ ಕಣ್ಣು ಇಟ್ಟಿದ್ದರು. ನಿಯಮದ ಪ್ರಕಾರ ಹಾರಿದರೆ ಗೋಡೆಯ ಮೇಲೆ ಹಸಿರು ದೀಪ, ಪಾದ ಮೊದಲೇ ಎದ್ದರೆ ಕೆಂಪು ದೀಪ ಮತ್ತು ಪೇಂ ಎಂಬ ಸದ್ದು. ಪರೀಕ್ಷೆಯ ದಿನ ಹೈಕೆ ಹಾರಿದರು, ಕೆಂಪು. ತಂತ್ರಜ್ಞರು ಹಾರಿದರು, ಕೆಂಪು. ನನ್ನದಂತೂ ಕೇಳುವುದೇ ಬೇಡ. ಜನಕ್ಕೆ ಬೇಸರವಾಗುತ್ತದೆ, ಉದ್ಘಾಟನೆ ಕಳೆದ ಮೇಲೆ ಇದನ್ನು ಸ್ವಲ್ಪ ಸಡಿಲ ಮಾಡೋಣ ಎಂದು ಹೈಕೆ ತೀರ್ಮಾನಿಸಿದರು.

ಉದ್ಘಾಟನೆಯ ದಿನವೇ ನನ್ನ ಕೆಲಸದ ಕೊನೆಯ ದಿನ. ಆ ಖುಷಿಗೆ ನಾನು ಸೀರೆ ಉಟ್ಟು ಹೋಗಿದ್ದೆ. ಮೇಯರ್, ಕ್ರೀಡಾ ಸಂಘದವರು, ಶಾಲೆಯ ಒಂದು ತರಗತಿ, ಎಲ್ಲರೂ ಕಾಲುಚೀಲದಲ್ಲಿ ಸಾಲಾಗಿ ನಿಂತಿದ್ದರು. ಲೀಸೆಲಮ್ಮನನ್ನು ಸಂಘದ ಹುಡುಗರು ಗಾಲಿ ಕುರ್ಚಿ ಸಮೇತ ಮೆಟ್ಟಿಲ ಮೇಲೆ ಎತ್ತಿ ತಂದಿದ್ದರು. ಫಲಕಕ್ಕೆ ಬಟ್ಟೆ ಮುಚ್ಚಿತ್ತು. ಮೇಯರ್ ಮೂರನೆಯ ಸ್ಥಾನದ ಬಗ್ಗೆ ಉದ್ದಕ್ಕೆ ಮಾತಾಡಿ ಲೀಸೆಲಮ್ಮನ ಕೈಗೆ ಮೈಕು ಕೊಟ್ಟರು.

“ನನ್ನ ಅಪ್ಪ ಮೂರನೆಯವನಲ್ಲ. ಮೂರು ಸಲವೂ ಅವನದ್ದು ಫೌಲ್ ಆಗಿತ್ತು,” ಎಂದರು ಲೀಸೆಲಮ್ಮ.

ಕೋಣೆ ತುಂಬ ಚಪ್ಪಾಳೆ. ಮೇಯರ್ ಕಣ್ಣೊರೆಸಿಕೊಂಡು, ಈ ವಿನಯವೇ ನಮ್ಮ ಊರಿನ ಆಸ್ತಿ ಎಂದರು. ಲೀಸೆಲಮ್ಮ ಮೈಕನ್ನು ಮಡಿಲಲ್ಲಿ ಹಾಕಿಕೊಂಡು ತಲೆ ತಗ್ಗಿಸಿದರು. ಬಟ್ಟೆ ಜಾರಿತು, ಗಾಜಿನ ಮೇಲೆ ಅಕ್ಷರಗಳು ಹೊಳೆದವು. ಹೈಕೆ ನನ್ನ ಕಡೆ ನೋಡಿ, ಈಗ ಜಿಗಿತ ಎಂದು ಸನ್ನೆ ಮಾಡಿದರು.

ನಾನು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಚಾಪೆಯ ಮೇಲೆ ನಿಂತೆ, ಕೈ ಬೀಸಿದೆ, ಕುಪ್ಪಳಿಸಿದೆ, ಹಾರಿದೆ. ಕೆಂಪು ದೀಪ, ಪೇಂ. ಯಾರೋ ಒಂದು ಮಗು ಕಿಸಕ್ಕೆಂದಿತು. ಎಲ್ಲಿಂದ ಬುದ್ಧಿ ಬಂತೋ ನಾ ಕಾಣೆ, ನಾನು ಆ ಕೆಂಪು ದೀಪಕ್ಕೆ ತಿರುಗಿ, ಮುಖ ತುಂಬ ಸಂತೋಷ ತಂದುಕೊಂಡು, ಸೊಂಟ ಬಗ್ಗಿಸಿ ವಂದಿಸಿದೆ. ಮಕ್ಕಳು ನಕ್ಕರು. ವಾಪಸು ಹೋಗಿ ನಿಂತೆ, ಮತ್ತೆ ಕುಪ್ಪಳಿಸಿದೆ, ಪೇಂ. ಇನ್ನೂ ಆಳವಾಗಿ ಬಗ್ಗಿದೆ, ಜನರಿಗೂ ಎಡಕ್ಕೊಂದು ಬಲಕ್ಕೊಂದು ವಂದನೆ ಕೊಟ್ಟೆ. ಈಗ ದೊಡ್ಡವರೂ ತುಟಿ ಕಚ್ಚುತ್ತಿದ್ದರು. ಮೂರನೆಯ ಸಲ ಬೇಕೆಂದೇ ಎರಡು ಕುಪ್ಪಳಿಕೆ ಹಾಕಿದೆ. ಯಂತ್ರ ಸಿಟ್ಟಿನಿಂದ ಉದ್ದಕ್ಕೆ ಕೂಗಿತು. ನಾನು ಗೋಡೆಯ ಹತ್ತಿರ ಹೋಗಿ ಆ ದೀಪವನ್ನು ಎರಡೂ ಕೈಯಲ್ಲಿ ಹಿಡಿದು ಧನ್ಯವಾದ ಹೇಳಿದೆ. ಮಕ್ಕಳು ನೆಲಕ್ಕೆ ಬಿದ್ದು ಹೊರಳಿದರು. ಮೇಯರ್ ಹೊಟ್ಟೆ ಹಿಡಿದು ಗೋಡೆಗೆ ಒರಗಿದರು. ನನ್ನ ಸೆರಗು ಎಲ್ಲೋ, ನಾನು ಎಲ್ಲೋ.

ತಿರುಗಿ ನೋಡಿದರೆ ಲೀಸೆಲಮ್ಮ ಕುರ್ಚಿಯಲ್ಲಿ ಅಲುಗಾಡಿ ಅಲುಗಾಡಿ ನಗುತ್ತಿದ್ದರು. ನಗುತ್ತಲೇ ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಅಷ್ಟು ವರ್ಷದಲ್ಲಿ ಅವರ ಹಲ್ಲು ನೋಡಿದ್ದು ಅದೇ ಮೊದಲು. ಮೈಕು ಬಾಯಿಗೆ ಹಿಡಿದು ನನ್ನ ಕಡೆ ಬೆರಳು ಚಾಚಿದರು.

“ಇವನೇ. ಇವನೇ ನನ್ನ ಅಪ್ಪ. ಮನೆಯಲ್ಲಿ ನಾವು ಹೀಗೇ ನಗ್ತಿದ್ದೆವು.”

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಗು ನಿಧಾನಕ್ಕೆ ಇಳಿಯಿತು, ಜನ ಫೋಟೋದ ಕಡೆ ತಿರುಗಿ, ಮೀಸೆಯ ಆ ಪೀಪಾಯಿಯವನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಹೈಕೆ ಯಾರನ್ನೂ ಕೇಳದೆ ಮುಂದೆ ಹೋಗಿ, ಕೆಳಗೆ ಬಿದ್ದಿದ್ದ ಬಟ್ಟೆ ಎತ್ತಿ ಗಾಜಿನ ಫಲಕಕ್ಕೆ ವಾಪಸು ಹೊದಿಸಿದರು. ಮೇಯರ್ ಬೇಡ ಎನ್ನಲಿಲ್ಲ. ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತಾ ಲೀಸೆಲಮ್ಮನ ಪಕ್ಕ ಬಗ್ಗಿ, ಹಾಗಾದರೆ ನಿಜವಾಗಿ ಮೂರನೆಯವರು ಯಾರು ಎಂದು ಮೆಲ್ಲಗೆ ಕೇಳಿದರು.

“ನನಗೆಂತ ಗೊತ್ತು? ಯಾರೋ ಚೆನ್ನಾಗಿ ಜಿಗಿದವನು ಇರಬೇಕು,” ಎಂದರು ಲೀಸೆಲಮ್ಮ.